ಅಂಗಾತ

ಈಜುವಾಗ ನಾಗವೇಣಿಯ ತುಟಿ ಅಲ್ಲಾಡುವುದನ್ನು ಕಂಡುಹಿಡಿದವಳು ಶಾಹೀಸ್ತಾ. ಲಿಂಗಸುಗೂರಿನ ಈಜುಕೊಳದಲ್ಲಿ ಮೂರು ವರ್ಷದಿಂದ ನನ್ನ ಮಗಳನ್ನು ತಯಾರು ಮಾಡುತ್ತಿರುವ ಕೋಚ್ ಆಕೆ.

"ಅಕ್ಕಾ, ಇಲ್ಲಿ ನೋಡ್ರಿ" ಎಂದು ಮೊಬೈಲಿನ ವಿಡಿಯೊ ಮುಂದೆ ಹಿಡಿದಳು. "ಬ್ಯಾಕ್‌ಸ್ಟ್ರೋಕ್‌ನ್ಯಾಗ, ಅಂಗಾತ ಈಜೂವಾಗ, ಹತ್ತು ಕೈಗೊಮ್ಮೆ ಬಾಯಿ ತೆರೀತಾಳ. ನೀರು ಕುಡೀತಾಳ. ಯಾರ ಜೊತಿ ಮಾತಾಡ್ತಾಳ್ರೀ ಈಕಿ? ಉಳಿದ ಮೂರು ಈಜಿನ್ಯಾಗ ಗಳಿಸಿದ್ದೆಲ್ಲಾ ಇದೊಂದರಾಗ ಕಳಕೊಳ್ತಾಳ."

ಯಾರ ಜೊತೆ ಎಂದು ನನಗೆ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು.

ನನ್ನ ತವರು ಗೊರೇಬಾಳದ ಕಾಲುವೆಯಲ್ಲಿ ಅವಳಿಗೆ ಈಜು ಕಲಿಸಿದವಳು ನಾನೇ. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ, ಸೊಂಟಕ್ಕೆ ಹಗ್ಗ, ಹಗ್ಗದ ತುದಿ ನನ್ನ ಕೈಯಲ್ಲಿ. ಅದೇ ಕಾಲುವೆಯಲ್ಲಿ ನನ್ನ ತಂಗಿ ಯಮನಮ್ಮ ಹದಿನಾರನೇ ವಯಸ್ಸಿಗೆ ಮುಳುಗಿ ಹೋದಳು. ಮೂರನೆಯ ದಿನ ತೂಬಿನ ಹತ್ತಿರ ಅಂಗಾತ ತೇಲುತ್ತಿದ್ದಳು. ಮೊದಲು ನೋಡಿದವಳು ನಾನು. ಅವಳ ಕಣ್ಣುಗಳು ತೆರೆದೇ ಇದ್ದವು.

ಅದಕ್ಕೇ ಮಗಳಿಗೆ ಒಂದು ಕರಾರು ಹಾಕಿದ್ದೆ. ಬೋರಲು ಎಷ್ಟಾದರೂ ಈಜು. ಅಂಗಾತ ಹೊರಳಿದರೆ ಹತ್ತು ಕೈಗೊಮ್ಮೆ 'ಅವ್ವಾ' ಅನ್ನಬೇಕು. ಅನ್ನದಿದ್ದರೆ ಹಗ್ಗ ಜಗ್ಗಿ ದಡಕ್ಕೆ ಎಳೆಯುತ್ತಿದ್ದೆ. ಹಗ್ಗ ಬಿಟ್ಟು ಏಳು ವರ್ಷವಾದರೂ ಅವಳ ಬಾಯಿ ಅದನ್ನು ಬಿಟ್ಟಿರಲಿಲ್ಲ.

ಮುಂದಿನ ವಾರ ಬೆಂಗಳೂರಿನಲ್ಲಿ ರಾಜ್ಯ ತಂಡದ ಆಯ್ಕೆ. ಅವಳು ಇಳಿಯುವುದು ನಾಲ್ಕು ಸ್ಪರ್ಧೆಗಳಿಗೆ. ಅದರಲ್ಲಿ ನಾಲ್ಕೂ ಬಗೆಯ ಈಜನ್ನು ಒಂದೇ ಉಸಿರಿಗೆ ಮುಗಿಸುವ ಮೆಡ್ಲೆಯೇ ದೊಡ್ಡದು.

ಮಸ್ಕಿಯ ಮನೆಗೆ ಮರಳುವ ಬಸ್ಸಿನಲ್ಲಿ ಬಾಯಿಬಿಟ್ಟೆ. "ಇನ್ನ ಮ್ಯಾಲೆ ನನ್ನ ಕರೀಬ್ಯಾಡ."

"ಕರೀಲಿಲ್ಲಂದ್ರ ನೀ ಅಂಜ್ತಿ."

"ಅಂಜಿದ್ರ ಅಂಜ್ತೀನಿ ಬಿಡು."

"ಅಷ್ಟ್ ಗದ್ದಲದಾಗ ನಿನಗೆಲ್ಲಿ ಕೇಳ್ತಿತ್ತು?"

"ಎಲ್ಲಾ ಕೇಳ್ಯಾವ, ಒಂದೂ ತಪ್ಪಿಲ್ಲ."

ಅವಳು ಕಿಟಕಿಯತ್ತ ತಿರುಗಿದಳು. "ಹಂಗಾರ ನೀ ಒಳಗ ಕುಂದ್ರಬ್ಯಾಡ. ಹೊರಗ ಚಾ ಕುಡ್ಕೋತ ನಿಂದ್ರು" ಎಂದು ನಕ್ಕಳು.

ಬೆಂಗಳೂರಿನಲ್ಲಿ ನಾನು ಒಳಗೇ, ಕೊಳದ ಮೆಟ್ಟಿಲ ಮೇಲೆ ಕುಳಿತೆ. ಮೆಡ್ಲೆಯ ಬಟರ್‌ಫ್ಲೈ ಮುಗಿದಾಗ ಅವಳೇ ಮುಂದಿದ್ದಳು. ಗೋಡೆ ಮುಟ್ಟಿ ಅಂಗಾತ ಹೊರಳಿದಳು.

ಹತ್ತು ಕೈ. ತುಟಿ ಬಿಚ್ಚಲಿಲ್ಲ. ಇಪ್ಪತ್ತು. ನೀರು ಮುಖವನ್ನು ಮುಚ್ಚಿ ಸರಿಯಿತು, ಮತ್ತೆ ಮುಚ್ಚಿತು. ಸರಿದಾಗ ಕಂಡದ್ದು ನನ್ನ ಮಗಳ ಮುಖವಲ್ಲ. ಇವಳಿಗೂ ಈಗ ಹದಿನಾರು. ಕೂಗು ಗಂಟಲಿಗೆ ಬಂತು. ಕೂಗಿದರೆ ನಿಂತುಬಿಡುತ್ತಾಳೆ, ನನ್ನ ದನಿಗೆ ನಿಲ್ಲುವುದನ್ನು ಕಲಿಸಿದವಳೂ ನಾನೇ. ಸೆರಗನ್ನು ಬಾಯಿಗೆ ತುರುಕಿ ಕಚ್ಚಿದೆ. ಆ ಐವತ್ತು ಮೀಟರಿಗೆ ಅರ್ಧ ನಿಮಿಷದ ಮೇಲೆ ಕೆಲವು ಸೆಕೆಂಡು ಎಂದು ಆಮೇಲೆ ಹೇಳಿದರು. ನಾನು ನಂಬಲಿಲ್ಲ.

ಕೊನೆಯವರೆಗೂ ಅವಳೇ ಮುಂದಿದ್ದಳು. ಆಯ್ಕೆಯಾಯಿತು. ಶಾಹೀಸ್ತಾ ಓಡಿಬಂದು ನನ್ನನ್ನು ತಬ್ಬಿಕೊಂಡಳು. "ಅಕ್ಕಾ, ಯಾಕ್ರೀ ಇಷ್ಟು ತಣ್ಣಗದೀರಿ?"

ನಾಗವೇಣಿ ಟವೆಲ್ ಹೊದ್ದು ಮೆಟ್ಟಿಲ ಬಳಿ ಬಂದು ನಿಂತಳು. ಮುಕ್ಕಾಲು ತಾಸಿಗೆ ಮತ್ತೊಂದು ಸ್ಪರ್ಧೆ. ಅದು ಪೂರಾ ಬ್ಯಾಕ್‌ಸ್ಟ್ರೋಕ್, ನೂರು ಮೀಟರ್.

"ಅವ್ವಾ, ಈ ಸಲನರ ಹೊರಗ ಹೋಗ್ತಿಯಿಲ್ಲ?"

"ಇಲ್ಲೇ ಇರ್ತೀನಿ" ಅಂದೆ. ಅವಳನ್ನು ನೋಡಿ ಹೇಳಲಾಗಲಿಲ್ಲ. ನನ್ನ ಕಣ್ಣು ಅವಳು ಬಿಟ್ಟುಬಂದ ಲೇನಿನ ಮೇಲೇ ಇತ್ತು. ಎಲ್ಲರೂ ಎದ್ದುಹೋದ ಆ ನೀರಿನಲ್ಲಿ ಒಬ್ಬಳು ಇನ್ನೂ ಕಣ್ಣು ತೆರೆದು ಅಂಗಾತ ತೇಲುತ್ತಿದ್ದಳು.