ಡ್ರೈವರ್ ಇಲ್ಲದ ಶಿಪ್ಪಿಂಗ್

ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಶಿಪ್ಪಿಂಗ್ ಎಂದರೆ ಹಡಗು ಎಂದು ಯಾರೂ ತಿಳಿಯುತ್ತಿರಲಿಲ್ಲ. ಸಮುದ್ರದ ಗಾಳಿಯನ್ನೇ ಕಾಣದ ಊರಿಗೆ ಹಡಗು ಎಲ್ಲಿಂದ ಬರಬೇಕು? ಗುಡ್ಡ ಅಗೆದು, ಅದಿರನ್ನು ಲಾರಿಗೆ ಹೇರಿ, ಯಾವುದಾದರೂ ಬಂದರಿಗೆ ಸುರಿದು ಬಂದರೆ ಅದೇ ಶಿಪ್ಪಿಂಗ್. ಹೆಣ್ಣು ಕೇಳಲು ಬಂದವರು "ನಮ್ಮ ಹುಡುಗ ಶಿಪ್ಪಿಂಗ್‌ನಾಗ ಅದಾನ್ರಿ" ಎಂದರೆ ಸಾಕು, ಹುಡುಗನ ಅಂಗಿಯ ಕಾಲರು ಕೆಂಪು, ಕಣ್ಣು ಅದಕ್ಕಿಂತ ಕೆಂಪು ಎಂಬುದು ಹೆಣ್ಣಿನವರಿಗೆ ಅರ್ಥವಾಗುತ್ತಿತ್ತು.

ಕೌಲ್ ಬಜಾರಿನ ಮಾಸುಮಾಬಿಯ ಗಂಡ ಮಹಮ್ಮದ್ ಗೌಸ್ ಕೂಡ ಶಿಪ್ಪಿಂಗ್‌ನಲ್ಲೇ ಇದ್ದ. ಸ್ವಂತ ಲಾರಿ, ತಾನೇ ಡ್ರೈವರು. ಇವತ್ತು ಮಂಗಳೂರು, ಅಲ್ಲಿಂದ ಬಂದರೆ ಗೋವಾ, ಅದಾದ ಮೇಲೆ ಮದ್ರಾಸು, ಇಲ್ಲವೇ ವಿಶಾಖಪಟ್ಟಣ. ಮನೆಗೆ ಬಂದಾಗ ರೆಪ್ಪೆಯ ಕೂದಲಿಗೂ ಕೆಂಪು ಧೂಳು ಮೆತ್ತಿರುತ್ತಿತ್ತು. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದವನು ಅದನ್ನು ಬಾಯಿಗೆ ಇಡುವ ಮೊದಲೇ ಕೂತಲ್ಲಿ ತೂಕಡಿಸುತ್ತಿದ್ದ. ಅವನ ಕೈಯಿಂದ ತುತ್ತು ಜಾರಿ ತಟ್ಟೆಗೆ ಬೀಳುವುದನ್ನು ನೋಡಿದಾಗಲೆಲ್ಲ ಮಾಸುಮಾಬಿಗೆ ಅದೇ ಯೋಚನೆ. ರೊಟ್ಟಿ ಹಿಡಿದ ಕೈ ಹೀಗೆ ಜಾರುವುದಾದರೆ ಸ್ಟೇರಿಂಗ್ ಹಿಡಿದ ಕೈಯ ಗತಿಯೇನು? ಅವನು ಲಾರಿ ಹತ್ತಿದ ಮೇಲೆ ಮತ್ತೆ ಬಾಗಿಲಲ್ಲಿ ಕಾಣುವವರೆಗೆ ಅವಳು ಜೀವ ಕೈಯಲ್ಲಿ ಹಿಡಿದುಕೊಂಡೇ ಜೀನ್ಸ್ ಪ್ಯಾಂಟಿನ ಹೊಲಿಗೆ ಹಾಕುತ್ತಿದ್ದಳು. ಅವಳು ಹೊಲಿದ ಪ್ಯಾಂಟುಗಳಿಗೆ ಹೊಲಿಗೆ ಗಟ್ಟಿ ಎಂಬ ಹೆಸರಿತ್ತು. ಹೆದರಿಕೆಯಲ್ಲಿ ಎರಡೆರಡು ಸಲ ಹೊಲಿಯುತ್ತಿದ್ದಳು, ಅಷ್ಟೇ.

"ಅದಿರು ಬಿಡ್ರಿ. ಸಿರುಗುಪ್ಪಾದ ಅಕ್ಕಿ ಮಿಲ್ಲಿನೋರು ಭತ್ತ ಹೇರಾಕ ಲಾರಿ ಕೇಳಾಕತ್ತಾರಂತ. ಹೋಗಿ ಸಂಜಿ ಅನ್ನೋದ್ರಾಗ ಮನಿಗೆ ಬರಬಹುದು," ಎಂದು ಅವಳು ಎಷ್ಟು ಸಲ ಹೇಳಿದ್ದಳೋ.

"ಊರಿಗೂರೇ ಓಡಾಕತ್ತೈತಿ, ನಾ ಒಬ್ಬ ಭತ್ತದ ಚೀಲ ಹೊತ್ಕೊಂಡು ಕುಂದರ್ಲೇನು? ಲಾರಿ ಸ್ಟ್ಯಾಂಡಿನಾಗ ನಗ್ತಾರ," ಎನ್ನುತ್ತಿದ್ದ ಗೌಸ್. ಗಂಡಸರಿಗೆ ಸಾವಿಗಿಂತ ಸ್ಟ್ಯಾಂಡಿನವರ ನಗು ದೊಡ್ಡದು. ಅದನ್ನು ಅವರಿಗೆ ಹೇಳಿಕೊಟ್ಟ ಮೇಷ್ಟ್ರು ಯಾರೋ, ಸಿಕ್ಕರೆ ಕೇಳಬೇಕು.

ಅವರ ಮಹಡಿಯ ಮೇಲಿನ ಕೋಣೆಯಲ್ಲಿ ಸಂಘಮಿತ್ರಾ ಎಂಬ ಹುಡುಗಿ ಬಾಡಿಗೆಗಿದ್ದಳು. ಸಿರುಗುಪ್ಪದವಳು, ಇಂಜಿನಿಯರಿಂಗ್ ಓದಿದವಳು. ದಿಲ್ಲಿಯ ಯಾವುದೋ ಇಲಾಖೆ ಕೊಟ್ಟ ಕೆಲಸವನ್ನು ಒಂದು ಫೋನು, ಒಂದು ಕಂಪ್ಯೂಟರು ಇಟ್ಟುಕೊಂಡು ಕೋಣೆಯಲ್ಲೇ ಮಾಡುತ್ತಿದ್ದಳು. ಗೋಡೆಯ ತುಂಬ ಭಾರತದ ನಕ್ಷೆ. ಅದರ ಮೇಲೆ ಅಲ್ಲಲ್ಲಿ ಗುಂಡುಸೂಜಿ. ಒಂದು ದಿನ ಅವಳು ಬಣ್ಣದ ದಾರ ಕೇಳಿದಳು ಎಂದು ಮಾಸುಮಾಬಿ ಮೂರ್ನಾಲ್ಕು ಉಂಡೆ ಹಿಡಿದು ಮೇಲೆ ಹೋದಳು.

"ಏನವ್ವ ಇದು, ಗೋಡಿಗೆ ಕಸೂತಿ ಹಾಕಾಕತ್ತೀ?"

"ಇದೇ ಅಕ್ಕ ನನ್ನ ಕೆಲಸ. ಅಟಾನಮಸ್ ಶಿಪ್ಪಿಂಗ್ ಅಂತ. ಡ್ರೈವರ್ ಇಲ್ದ ತನ್ನಷ್ಟಕ್ಕ ತಾನ ಹೋಗೋದು. ಸರ್ಕಾರದ ರೊಕ್ಕದಾಗ ಇದರ ಮ್ಯಾಲ ಸಂಶೋಧನಿ ಎಲ್ಲೆಲ್ಲಿ ನಡದೈತಿ, ಯಾರು ಏನು ಮಾಡಾಕತ್ತಾರ, ಅದನ್ನ ನಕ್ಷೆದಾಗ ತೋರಿಸ್ಬೇಕು. ಇಲ್ಲಿ ನೋಡ್ರಿ, ಇವರೂ ಇವರೂ ಒಂದೇ ಕೆಲಸ ಮಾಡಾಕತ್ತಾರ, ಒಬ್ಬರದು ಒಬ್ಬರಿಗೆ ಗೊತ್ತಿಲ್ಲ. ಅಂಥೋರ ನಡುವ ದಾರ ಕಟ್ಟಾಕತ್ತೀನಿ."

"ಅಂದ್ರ ಇಬ್ಬರು ದರ್ಜಿಗಳು ಒಂದೇ ಪ್ಯಾಂಟಿಗೆ ಜೇಬು ಹೊಲ್ಯಾಕತ್ತಾರ," ಎಂದಳು ಮಾಸುಮಾಬಿ.

ಸಂಘಮಿತ್ರಾ ಬಿದ್ದು ಬಿದ್ದು ನಕ್ಕಳು. ದಿಲ್ಲಿಯವರಿಗೆ ಇದನ್ನೇ ಹೇಳುತ್ತೇನೆ ಎಂದಳು. ಆದರೆ ಮಾಸುಮಾಬಿಯ ಕಿವಿಯಲ್ಲಿ ನಿಂತದ್ದು ಒಂದೇ ಮಾತು: ಡ್ರೈವರ್ ಇಲ್ಲದ ಶಿಪ್ಪಿಂಗ್. ಸೂಜಿ ಚುಚ್ಚಿದ ಊರುಗಳನ್ನು ಅವಳು ಓದಿಸಿ ಕೇಳಿದಳು. ಮಂಗಳೂರು, ಗೋವಾ, ಮದ್ರಾಸು, ವಿಶಾಖಪಟ್ಟಣ. ಹಡಗಿನ ಸಂಶೋಧನೆ ಬಂದರಿನ ಊರುಗಳಲ್ಲಿ ನಡೆಯದೆ ಕುರುಗೋಡಿನ ಬಂಡೆಗಳ ಮೇಲೆ ನಡೆಯುತ್ತದೆಯೇ? ಆದರೆ ಮಾಸುಮಾಬಿಗೆ ಕಂಡದ್ದು ಗಂಡನ ಲಾರಿ ಹೋಗುವ ಊರುಗಳು, ಒಂದೊಂದೂ ಬಿಡದಂತೆ.

"ಡ್ರೈವರು ಬ್ಯಾಡೇ ಬ್ಯಾಡೇನು?"

"ಬ್ಯಾಡಕ್ಕ. ಮಷೀನೇ ಎಲ್ಲಾ ನೋಡ್ಕೊಂತೈತಿ. ಇವತ್ತಲ್ಲ ನಾಳೆ ಬಂದೇ ಬರ್ತೈತಿ."

ಬೇರೆ ಯಾವ ಡ್ರೈವರನ ಹೆಂಡತಿಯಾದರೂ ಹೊಟ್ಟೆ ಮೇಲೆ ಹೊಡೆದರೆಂದು ಸರ್ಕಾರಕ್ಕೆ ಶಾಪ ಹಾಕುತ್ತಿದ್ದಳು. ಮಾಸುಮಾಬಿಗೆ ಹೊಟ್ಟೆ ತಣ್ಣಗಾಯಿತು. ಲಾರಿ ತನ್ನಷ್ಟಕ್ಕೆ ತಾನು ಮದ್ರಾಸಿಗೆ ಹೋಗಿ ಬರಲಿ, ಬೇಕಾದರೆ ಸಮುದ್ರಕ್ಕೇ ಬೀಳಲಿ. ಗೌಸ್ ಮನೆಯಲ್ಲಿರುತ್ತಾನಲ್ಲ! ಅವಳು ಮೆಟ್ಟಿಲು ಇಳಿದದ್ದೇ ಗೊತ್ತಾಗಲಿಲ್ಲ.

ಗೌಸ್ ಬಂದ ಕೂಡಲೇ ವಿಷಯ ಅವನ ಕಿವಿಗೆ ಹಾಕಿದಳು. ಅವನು ಮೊದಲು ನಕ್ಕ. ಆಮೇಲೆ ನಗಲಿಲ್ಲ. ಅಗಿಯುತ್ತಿದ್ದ ತುತ್ತನ್ನು ಹಾಗೇ ದವಡೆಯಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತ ಕೂತ. ಎರಡು ದಿನ ಲಾರಿ ತೆಗೆಯಲಿಲ್ಲ. ಮೂರನೆಯ ದಿನ ಲಾರಿ ಸ್ಟ್ಯಾಂಡಿನಲ್ಲಿ ನಿಂತು, ಎಲ್ಲರ ಎದುರು, ತಾನು ಅದಿರು ಬಿಟ್ಟೆ ಎಂದು ಹೇಳಿಯೇಬಿಟ್ಟ.

"ತಲಿ ಕೆಟ್ಟೈತೇನಲೇ?" ಎಂದ ಅವನ ಜೊತೆಯ ಲಾರಿಯವನು ಮರಿಬಸಪ್ಪ.

"ಡ್ರೈವರ್ ಇಲ್ದ ಶಿಪ್ಪಿಂಗ್ ಬರಾಕತ್ತೈತಿ. ಸರ್ಕಾರನ ಮಾಡ್ಸಾಕತ್ತೈತಿ. ಅದು ಬಂದ ಮ್ಯಾಲ ನೀವೆಲ್ಲಾ ಭತ್ತ ಹೇರಾಕ ಓಡಿ ಬರ್ತೀರಿ, ಆಗ ಮಿಲ್ಲಿನಾಗ ನಿಮಗ ಜಾಗ ಇರಂಗಿಲ್ಲ. ನಾ ಈಗ ಹೊಂಟೀನಿ."

ನಗುವವರು ನಕ್ಕರು. ಒಂದಿಬ್ಬರು ಮಾತ್ರ ನಗದೆ ತಲೆ ಕೆರೆದುಕೊಂಡರು. ಮಾರನೆಯ ದಿನದಿಂದ ಗೌಸನ ಲಾರಿ ಕುರುಗೋಡಿನ ಮೇಲೆ ಹಾದು ಸಿರುಗುಪ್ಪಕ್ಕೆ ಹೋಗತೊಡಗಿತು. ಬರುವಾಗ ಅಕ್ಕಿಯೋ ತೌಡೋ ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳಿಗೆ ಇಳಿಸಿ, ದೀಪ ಹಚ್ಚುವ ಹೊತ್ತಿಗೆ ಮನೆ. ತೌಡಿನ ಧೂಳು ಬಿಳಿ, ಒಂದು ಚೊಂಬು ನೀರಿಗೆ ಹೋಗುತ್ತದೆ. ಅವನ ಕೂದಲು ಕಪ್ಪಗಿದೆ ಎಂಬುದೇ ಮಾಸುಮಾಬಿಗೆ ಮರೆತುಹೋಗಿತ್ತು. ಈಗ ರೊಟ್ಟಿಯನ್ನು ಕೊನೆಯ ತುತ್ತಿನವರೆಗೂ ಎಚ್ಚರವಾಗಿದ್ದು ತಿನ್ನುತ್ತಿದ್ದ. ಉಪ್ಪು ಹೆಚ್ಚಾಯಿತು ಎಂದು ತಕರಾರು ಬೇರೆ. ಆ ತಕರಾರು ಕೇಳಿ ಅವಳಿಗೆ ಕಣ್ಣು ತುಂಬಿ ಬಂತು. ಉಪ್ಪಿನ ರುಚಿ ತಿಳಿಯುವಷ್ಟು ಎಚ್ಚರ ಅವನಿಗೆ ಬಂದಿತ್ತಲ್ಲ.

ಇಷ್ಟು ಸುಖ ಇದ್ದಾಗ ಸುಮ್ಮನೆ ಕೆಳಗಿರಬೇಕಿತ್ತು. ಆದರೆ ಉಪಕಾರ ಮಾಡಿದ ಹುಡುಗಿಗೆ ಬಿಸಿ ಶಾವಿಗೆ ಪಾಯಸ ಕೊಟ್ಟು ಬರೋಣ ಎಂದು ಮಾಸುಮಾಬಿ ಮತ್ತೆ ಮೇಲೆ ಹೋದಳು. ಸಂಘಮಿತ್ರಾ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೆರೆದಿಟ್ಟಿದ್ದಳು. ನೀಲಿ ನೀರು, ಅದರ ಮೇಲೆ ಒಂದು ಸಣ್ಣ ನಾವೆ, ಒಳಗೆ ಒಬ್ಬ ಮನುಷ್ಯನೂ ಇಲ್ಲ.

"ಇದೇನಿದು?"

"ಇದೇ ಅಕ್ಕ, ನಾ ಹೇಳಿದ್ನಲ್ಲ. ತಾನಾಗೇ ಹೋಗೋ ಹಡಗು."

"ಹಡಗಾ? ಲಾರಿ?"

"ಲಾರಿ ಯಾಕಕ್ಕ? ಶಿಪ್ಪಿಂಗ್ ಅಂದ್ರ ಹಡಗಲ್ಲೇನು. ಲಾರಿಗೂ ಇದಕ್ಕೂ ಸಂಬಂಧ ಇಲ್ಲ. ಡ್ರೈವರ್ ಇಲ್ದ ಲಾರಿ ನಮ್ಮ ರೋಡಿಗೆ ಬರಾಕ ನಮ್ಮ ಮೊಮ್ಮಕ್ಕಳ ಕಾಲ ಆಗ್ತೈತಿ."

ಪಾಯಸದ ಬಟ್ಟಲು ಕೈಯಲ್ಲೇ ಉಳಿಯಿತು. ತೋಬಾ ತೋಬಾ! ಒಂದು ಮಾತು ತಪ್ಪಾಗಿ ತಿಳಿದು ಗಂಡನ ದಂಧೆಯನ್ನೇ ಬಿಡಿಸಿದಂತಾಯಿತು. ಹೇಳಿದರೆ ಗೌಸ್ ನಾಳೆಯೇ ಅದಿರಿಗೆ ಓಡುತ್ತಾನೆ, ಸ್ಟ್ಯಾಂಡಿನಲ್ಲಿ ತಲೆ ಎತ್ತಲಾಗದ ಸಿಟ್ಟಿಗೆ ಎರಡು ಪಟ್ಟು ಓಡುತ್ತಾನೆ. ಹೇಳದಿದ್ದರೆ ಮೋಸ. ಮೋಸ ಮಾಡಿ ಗಂಡನ ಜೀವ ಉಳಿಸುವುದೋ, ನಿಜ ಹೇಳಿ ಮತ್ತೆ ಬಾಗಿಲು ಕಾಯುವುದೋ? ಮಾಸುಮಾಬಿ ಬಹಳ ಹೊತ್ತು ಯೋಚಿಸಲಿಲ್ಲ. ಬಾಯಿಗೆ ಬೀಗ ಹಾಕಿದಳು.

ಬೀಗ ಹಾಕುವುದು ಸುಲಭ, ಕಾಯುವುದು ಕಷ್ಟ. ಗೌಸ್ ಅಂಗಳದಲ್ಲಿದ್ದರೆ ಸಂಘಮಿತ್ರಾ ಮೆಟ್ಟಿಲು ಇಳಿಯದಂತೆ ಚಹಾ ಮೇಲಕ್ಕೇ ಹೋಗುತ್ತಿತ್ತು. ಅವಳು ಇಳಿದು ಬಂದರೆ ಗೌಸನಿಗೆ ಒಳಗಿನಿಂದ ಕರೆ ಬರುತ್ತಿತ್ತು, ಕೊಡಪಾನ ಇಳಿಸಲು, ಇಲ್ಲದ ಇಲಿ ಓಡಿಸಲು. "ಈ ಅಕ್ಕಗ ಏನಾಗೈತಿ?" ಎಂದು ಹುಡುಗಿಗೆ ಅನ್ನಿಸಿರಬೇಕು.

ಹೀಗೆ ಕಾದು ಕಾದು ಇನ್ನೇನು ಗೆದ್ದೆ ಎನ್ನುವಾಗ ಸಂಘಮಿತ್ರಾ ಒಂದು ಬೆಳಿಗ್ಗೆ ಚೀಲ ಹಿಡಿದು ನೇರ ಲಾರಿಯ ಹತ್ತಿರವೇ ಬಂದು ನಿಂತಳು. ಕೆಲಸ ಮುಗಿದು ನಕ್ಷೆ ದಿಲ್ಲಿಗೆ ಹೋಗಿತ್ತಂತೆ. ಊರಿಗೆ ಹೋಗಿ ಅಪ್ಪ ಉಚ್ಚೆಂಗೆಪ್ಪನನ್ನು ನೋಡಿ ಬರುತ್ತೇನೆ, ಸಿರುಗುಪ್ಪದವರೆಗೆ ಕರೆದೊಯ್ಯಿರಿ ಎಂದಳು. ಗೌಸ್ ಹತ್ತವ್ವ ಎಂದ. ಮಾಸುಮಾಬಿ ಅರ್ಧ ಹೊಲಿದ ಪ್ಯಾಂಟನ್ನು ಮಷೀನಿನ ಮೇಲೇ ಬಿಟ್ಟು ಓಡಿ ಬಂದಳು.

"ನಾನೂ ಬರ್ತೀನಿ."

"ನೀ ಯಾಕ?"

"ಸಿರುಗುಪ್ಪಾದ ಹೊಳಿ ನೋಡಿ ಬಾಳ ದಿನ ಆತು."

ಇಬ್ಬರ ನಡುವೆ ಗೋಡೆಯಂತೆ ಕೂತಳು. ಲಾರಿ ಊರು ದಾಟಿತು. ಸಂಘಮಿತ್ರಾ "ಗೌಸಣ್ಣ, ಅಂತೂ ನನ್ನ ಕೆಲಸ..." ಎಂದು ಬಾಯಿ ತೆರೆದಳು.

"ಅಲ್ಲಿ ನೋಡವ್ವ, ಹತ್ತಿ ಎಷ್ಟು ಚಂದ ಒಡದೈತಿ!"

"ಅದು ಮೆಣಸಿನಕಾಯಿ," ಎಂದ ಗೌಸ್.

ಮಾಸುಮಾಬಿ ಮುಖ ಒರೆಸಿಕೊಂಡಳು. ಕುರುಗೋಡಿನಲ್ಲಿ ಮಿರ್ಚಿ ಬಜ್ಜಿ ಕಟ್ಟಿಸಿ ಹುಡುಗಿಯ ಕೈಗೆ ಒಂದಾದ ಮೇಲೆ ಒಂದು ಕೊಡುತ್ತ ಹೋದಳು. ತುಂಬಿದ ಬಾಯಿ ಮಾತಾಡುವುದಿಲ್ಲ ಎಂಬ ಲೆಕ್ಕ. ಮಿರ್ಚಿ ಮುಗಿಯಿತು, ದಾರಿ ಮುಗಿಯಲಿಲ್ಲ. ಅಷ್ಟರಲ್ಲಿ ಗೌಸ್ ತಾನೇ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ:

"ಅಂತೂ ನಿನ್ನ ಹಡಗಿನ ಕೆಲಸ ಮುಗೀತೇನವ್ವ?"

ಹಡಗು. ಎಷ್ಟು ಸಲೀಸಾಗಿ ಅಂದ! ಸಂಘಮಿತ್ರಾ ಸೂಜಿ, ದಾರ, ದಿಲ್ಲಿ ಎಂದು ಏನೇನೋ ಹೇಳುತ್ತ ಹೋದಳು, ಜೇಬಿನ ಮಾತು ದಿಲ್ಲಿಯವರಿಗೆ ಬಹಳ ಹಿಡಿಸಿತು ಎಂದೂ ಹೇಳಿದಳು. ಮಾಸುಮಾಬಿಯ ಕಿವಿಗೆ ಒಂದೂ ಬೀಳಲಿಲ್ಲ. ಸಿರುಗುಪ್ಪದಲ್ಲಿ ಹುಡುಗಿ ಇಳಿದು, ಲಾರಿ ಮಿಲ್ಲಿನ ಅಂಗಳದಲ್ಲಿ ನಿಂತ ಮೇಲೆ ಅವಳು ಗಂಡನ ಕಡೆ ತಿರುಗಿದಳು.

"ನಿಮಗ ಯಾವಾಗ ಗೊತ್ತಾತು?"

"ನೀ ಹೇಳಿದ ಮರುದಿನಾನ. ಮ್ಯಾಲ ಹೋಗಿ ಆ ಹುಡುಗೀನ್ನ ಕೇಳಿದೆ. ಹಡಗು ಅಂದ್ಳು."

"ಗೊತ್ತಿದ್ದೂ ಅದಿರು ಬಿಟ್ರಿ? ಸ್ಟ್ಯಾಂಡಿನಾಗ ಹಂಗ ಹೇಳಿದ್ರಿ?"

ಗೌಸ್ ಇಂಜಿನ್ ಆರಿಸಿದ.

"ಅದಕ್ಕೂ ಮುಂಚಿನ ಟ್ರಿಪ್ಪಿನಾಗ ಆತು. ಹೊಸಪೇಟಿ ದಾಟಿ ನೆಟ್ಟಗನ ರೋಡು. ಮುಂದ ಒಂದು ಹಳ್ಳಿ ಕಾಣಾಕತ್ತಿತ್ತು. ಕಣ್ಣು ಮುಚ್ಚಿದ್ದು ಗೊತ್ತಿಲ್ಲ. ಕಣ್ಣು ಬಿಟ್ರ ಹಳ್ಳಿ ಹಿಂದ ಹೋಗಿತ್ತು. ಊರಾಗ ಹಾದು ಬಂದೈತಿ ಲಾರಿ. ಸಾಲಿ ಬಿಡೋ ಹೊತ್ತದು." ಅವನು ಕೀಲಿ ಕಿತ್ತು ಜೇಬಿಗೆ ಹಾಕಿದ. "ಡ್ರೈವರ್ ಇಲ್ದ ಲಾರಿ ಇನ್ನೂ ಬಂದಿಲ್ಲ ಅಂತಾಳ ಆ ಹುಡುಗಿ. ಬಂದೈತಿ. ನಾ ಅದರಾಗ ಕುಂತಿದ್ದೆ."

"ಯಾರಿಗೂ ಏನೂ ಆಗ್ಲಿಲ್ಲಲ್ಲ?"

"ಇಲ್ಲ. ವಾಪಸ್ ಹೋಗಿ ಊರೆಲ್ಲಾ ನೋಡಿ ಬಂದೆ. ಏನೂ ಆಗಿರ್ಲಿಲ್ಲ."

"ಖರೇನ?"

"ಖರೇನ. ಆದ್ರ ಮರಿಬಸಪ್ಪನ ಮುಂದ ನಿಂತು ನನಗ ಹೆದ್ರಿಕಿ ಆಗೈತಿ ಅಂತ ಹ್ಯಾಂಗ ಹೇಳ್ಲಿ? ನೀ ಒಂದು ಚಲೋ ನೆವ ತಂದು ಕೊಟ್ಟಿ. ಸರ್ಕಾರದ ನೆವ!"

ಮಾಸುಮಾಬಿಗೆ ಸಿಟ್ಟು ಬಂತು, ಅಳು ಬಂತು, ಎರಡರ ನಡುವೆ ನಗುವೂ ಬಂತು. ಇಷ್ಟು ದಿನ ತಾನು ಚಹಾ ಹೊತ್ತು ಮೆಟ್ಟಿಲು ಹತ್ತಿದ್ದು, ಇಲ್ಲದ ಇಲಿ ಓಡಿಸಲು ಅವನನ್ನು ಕರೆದದ್ದು ಎಲ್ಲ ನೆನಪಾಗಿ ಅವನ ಭುಜಕ್ಕೆ ಎರಡು ಗುದ್ದಿದಳು. ಆಮೇಲೆ ಆ ಭುಜವನ್ನೇ ಹಿಡಿದುಕೊಂಡು ಕೂತಳು. ಎದೆಯ ಮೇಲಿನ ಬಂಡೆ ಇಳಿದು ಹೋದ ಹಾಗೆ ಹಗುರವಾಗಿತ್ತು. ಅವನು ವಾಪಸ್ ಹೋಗುವುದಿಲ್ಲ. ಯಾರೂ ಮೋಸ ಹೋಗಿಲ್ಲ. ಯಾವುದೋ ಊರಿನ ಮಕ್ಕಳು ಅವತ್ತು ಶಾಲೆ ಬಿಟ್ಟು ಮನೆಗೆ ಹೋಗಿದ್ದವು.

ಹಮಾಲರು ಚೀಲ ಹೇರಲು ಬಂದರು. ಗೌಸ್ ಬೇವಿನ ನೆರಳಿಗೆ ಟವೆಲ್ ಹಾಸಿ ಮಲಗಿದವನು ತಲೆ ಇಟ್ಟ ಕೂಡಲೇ ನಿದ್ದೆ ಹೋದ. ಮಾಸುಮಾಬಿ ಪಕ್ಕದಲ್ಲಿ ಕೂತು ಸೆರಗಿನಿಂದ ಅವನ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು. ಅವನು ಗೊರಕೆ ಹೊಡೆಯುತ್ತಿದ್ದ, ಅವಳಿಗೆ ಹೆದರಿಕೆಯಾಗಲಿಲ್ಲ. ಲೋಡಾದ ಮೇಲೆ ಮಿಲ್ಲಿನ ಮೇಸ್ತ್ರಿ ಬಂದು, ಡ್ರೈವರ್ ಎಲ್ಲಿ, ಗಾಡಿ ತೆಗೀಬೇಕು ಎಂದು ಗದರಿದ.

"ಡ್ರೈವರ್ ಮಲಗ್ಯಾನ್ರಿ," ಎಂದಳು ಮಾಸುಮಾಬಿ ಮೆಲ್ಲಗೆ. "ಗಾಡಿ ನಿಂತೈತಲ್ಲ, ಮಲಗ್ಲಿ ಬಿಡ್ರಿ."