ಚಪ್ಪಡಿಯ ಮೇಲೆ ನೀಲಿ ಗೊಂಬೆ

ಟಿವಿಯ ಆಟದಲ್ಲಿ ನೀಲಿ ಗೊಂಬೆ ಮತ್ತೆ ಕೂತುಬಿಟ್ಟಿತು, ಅದರ ಜಾಯಮಾನವೇ ಅಷ್ಟು, ಸ್ವಲ್ಪ ಹೊತ್ತು ಯಾರೂ ಗುಂಡಿ ಒತ್ತದಿದ್ದರೆ ಸಾಕು, ಮೊದಲು ಬಾಯಿ ಅಗಲಿಸಿ ಆಕಳಿಸುತ್ತದೆ, ಆಮೇಲೆ ನಿಂತ ಚಪ್ಪಡಿಯ ಅಂಚಿಗೇ ಕುಕ್ಕರಿಸಿ ಕಾಲು ಆಡಿಸುತ್ತದೆ, ಬಸ್ಸು ಎಷ್ಟು ತಡವಾದರೂ ತಕರಾರಿಲ್ಲದ ಪ್ರಯಾಣಿಕರ ಹಾಗೆ — ಅತ್ತೆ ಸೋಫಾದ ಆ ತುದಿಯಲ್ಲಿ ಕನ್ನಡಕ ತೆಗೆದು ಒರೆಸುತ್ತಿದ್ದಾರೆ, ಒರೆಸಿ ಒರೆಸಿ ಗಾಜೇ ಸವೆಯಬೇಕು, ಅವರ ಗೊಂಬೆ ಕೂತಿದ್ದರೂ ಅದರ ಭಾರಕ್ಕೆ ಚಪ್ಪಡಿ ತಗ್ಗಿಯೇ ಇದೆ, ಚಪ್ಪಡಿ ತಗ್ಗಿದ್ದರಿಂದ ಬಲಗಡೆಯ ಕಲ್ಲಿನ ಬಾಗಿಲು ಮೇಲೆದ್ದು ನಿಂತಿದೆ, ಹೊಸ್ತಿಲ ಮೇಲೆ ಸೋಫಾದ ಈ ತುದಿಯಲ್ಲಿ ಕೂತ ಸೊಸೆಯ, ಅವಳ ಕೆಂಪು ಗೊಂಬೆ, ಆಚೆ ಬರೀ ಕತ್ತಲು. ಇವತ್ತು ಭಾನುವಾರ, ಹೇಳಲೇಬೇಕು, ಭಾನುವಾರ ಸಂಜೆಯೊಳಗೆ ಹೇಳಿ ಮೇಡಂ, ನಾನೇ ಫೋನ್ ಮಾಡ್ತೀನಿ, ಹೂಂ ಅಂದ್ರೆ ಪಿಂಗಾಣಿ ಹಲ್ಲಿನ ವಿಭಾಗ ಪೂರ್ತಿ ನಿಮ್ದೇ, ಊಹೂಂ ಅಂದ್ರೆ ಬೇರೆಯೋರು ಕಾಯ್ತಿದಾರೆ, ಎಂದಿದ್ದರು ಆ ಊರಿನ ಡೆಂಟಲ್ ಲ್ಯಾಬಿನ ಯಜಮಾನರು, ಆ ಊರೋ ರೈಲಿನಲ್ಲಿ ಇಡೀ ಒಂದು ರಾತ್ರಿಯ ದಾರಿ, ಅಂದರೆ ಹೋಗುವುದೆಂದರೆ ಹೋಗುವುದೇ, ಸಂಜೆ ಬಂದು ಪಾತ್ರೆ ತೊಳೆಯುವ ಹೋಗುವಿಕೆಯಲ್ಲ. ಫೋನು ಅವಳ ತೊಡೆಯ ಕೆಳಗಿದೆ, ಬೆಳಗ್ಗೆಯಿಂದ ಒಂದು ಸಲವೂ ಗುಂಯ್ ಎಂದಿಲ್ಲ, ಬೇರೆಯವರಿಗೆ ಕೊಟ್ಟುಬಿಟ್ಟರೋ ಏನೋ, ಕೊಟ್ಟರೆ ಒಳ್ಳೆಯದೇ, ಹೇಳುವ ಕೆಲಸ ತಪ್ಪಿತು — ಛೀ, ಇದೆಂಥ ಯೋಚನೆ. ಅವಳು ಹಲ್ಲು ಕಟ್ಟುವವಳು, ಡಾಕ್ಟರು ಕಳಿಸಿದ ಅಚ್ಚು ನೋಡಿ, ಬಣ್ಣದ ಪಟ್ಟಿ ಹಿಡಿದು, ಮೇಣ ಕೆತ್ತಿ, ಪಿಂಗಾಣಿ ಹಚ್ಚಿ ಸುಟ್ಟು, ಮುಖವನ್ನೇ ಕಾಣದವರ ನಗುವನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೂರಿಸುತ್ತಾಳೆ, ಊರ ಬಾಯಿಗೆಲ್ಲ ಹಲ್ಲು ಕೊಟ್ಟವಳಿಗೆ ತನ್ನ ಬಾಯಿ ತೆರೆಯಲು ಮಾತ್ರ ಮುಹೂರ್ತ ಕೂಡಿಬರುತ್ತಿಲ್ಲ, ಈಗ ಕನ್ನಡಕ ಹಾಕಿಕೊಂಡ ಮೇಲೆ ಹೇಳೋಣ, ಬೇಡ, ಈ ಆಟ ಮುಗಿದ ಮೇಲೆ, ಈ ಆಟ ಮುಗಿಯುವುದಾದರೂ ಯಾವಾಗ.

ಆಟ ತಂದವನು ಅವನು, ಅವಳ ಗಂಡ, ಇಬ್ಬರು ಸೇರಿಯೇ ಆಡಬೇಕಾದ ಒಗಟಿನಾಟ ಕಣೇ, ಒಬ್ರಿಗೊಬ್ರು ಮಾತಾಡ್ಲೇಬೇಕು, ನಮಗೂ ಮಾತಾಡ್ದಂಗಾಗುತ್ತೆ ಅಂತ, ಪಾಪ, ಒಳ್ಳೆಯ ಉದ್ದೇಶವೇ, ಮೊದಲನೆಯ ದಿನ ಮೊದಲನೆಯ ಕೋಣೆಯಲ್ಲೇ ಅವನ ಫೋನು ಬಡಿದುಕೊಂಡಿತು, ಅವನ ಗೊಂಬೆ ಹಳ್ಳದ ನಡುವೆ ಹಗ್ಗ ಹಿಡಿದು ನೇತಾಡುತ್ತ ಉಳಿಯಿತು. ಅವನಿಗೆ ಬರುವ ಫೋನುಗಳೇ ಹಾಗೆ, ಲಿಫ್ಟ್ ರಿಪೇರಿಯ ಕಂಪನಿ, ಸಿಕ್ಕಿಹಾಕಿಕೊಂಡವರೆಲ್ಲ ಅವನಿಗೇ ಮಾಡಬೇಕು, ಈಗಲೂ ಒಳಕೋಣೆಯಿಂದ ಕೇಳಿಸುತ್ತಿದೆ, ಗಾಬರಿ ಆಗ್ಬೇಡಿ ಸಾರ್, ಗಾಳಿ ಆಡುತ್ತೆ, ಏನೂ ಆಗಲ್ಲ, ಬಾಗಿಲು ಬಲವಂತವಾಗಿ ತೆಗೀಬೇಡಿ, ನಾವು ಬರೋವರೆಗೂ ಹಾಗೇ ಇರಿ — ಎಷ್ಟು ತಂಪಾದ ದನಿ, ಕೇಳಿದವರಿಗೆ ಲಿಫ್ಟಿನಲ್ಲೇ ಸಂಸಾರ ಹೂಡಿಬಿಡೋಣ ಅನ್ನಿಸಬೇಕು, ಅವಳಿಗೂ ಅದೇ ದನಿಯಲ್ಲೇ ಹೇಳಿದ್ದು, ಕೆಲಸದ ಸಂಗತಿ ತೆಗೆದಾಗ, ಆಮೇಲೆ ನೋಡೋಣ, ನಾನು ಬೇಡ ಅಂತಿಲ್ಲಪ್ಪಾ, ಈಗ್ಲೇ ಏನೂ ಒತ್ತಬೇಡ, ಅಮ್ಮನ ಮಂಡಿ ಬೇರೆ ಇದ್ಯಲ್ಲ. ಅಮ್ಮನ ಮಂಡಿ. ಆಪರೇಷನ್ ಆದ ಮೇಲೆ ಆ ಮಂಡಿಗೆ ಮನೆಯಲ್ಲಿ ಹಿರಿಯ ಸದಸ್ಯರ ಸ್ಥಾನ, ಯಾವ ಮಾತು ಎತ್ತಿದರೂ ಅದರ ಅಭಿಪ್ರಾಯ ಕೇಳಬೇಕು, ಮಂಡಿಯ ಒಡತಿಯನ್ನು ಮಾತ್ರ ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ, ಕೇಳಿದರೆ ಎಲ್ಲಿ ಹೋಗಬೇಡ ಅಂದುಬಿಡುತ್ತಾರೋ ಅಂತ, ಅಥವಾ ಎಲ್ಲಿ ಹೋಗು ಅಂದುಬಿಡುತ್ತಾರೋ — ಮಗ ನೇತುಹಾಕಿ ಹೋದ ಗೊಂಬೆಯನ್ನು ನೋಡಲಾರದೆ ಅತ್ತೆ ಬಂದು ಕೈಗೆತ್ತಿಕೊಂಡದ್ದು ಹಾಗೆ, ಕೊಡಿಲ್ಲಿ, ಪಾಪ ಎಷ್ಟು ಹೊತ್ತಿಂದ ಜೋತಾಡ್ತಿದೆ ಅದು. ಮದುವೆಯಾದಾಗಿನಿಂದ ಉಪ್ಪು ಸಾಕಾ, ಹಾಲು ಬಂತಾ, ಲೈಟು ಆರಿಸಿದ್ಯಾ ಇಷ್ಟರಲ್ಲೇ ದಿನ ಕಳೆದಿದ್ದ ಇಬ್ಬರು ಹೆಂಗಸರು ಆವತ್ತಿನಿಂದ ದಿನವೂ ಮಾತಾಡುತ್ತಾರೆ, ಹತ್ತಿ, ಇರಿ, ಇರೀಂದ್ರೆ, ಈಗ ಹಾರಿ, ಹಿಡ್ಕೊಂಡೆ, ಬಿಡಬೇಡಿ. ಅತ್ತೆ ಆಟದಲ್ಲಿ ಮಾತ್ರ ಸೊಸೆಗೆ ಬಹುವಚನ ಹಾಕುತ್ತಾರೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಕೂದಲು ನೆರೆಸಿಕೊಂಡ ಅಭ್ಯಾಸ, ಕಿವಿಗೆ ಕೆಲಸ ಬಿತ್ತೆಂದರೆ ನಾಲಿಗೆ ತಾನಾಗಿ ಮರ್ಯಾದೆಗೆ ಏರುತ್ತದೆ, ಆಟ ನಿಲ್ಲಿಸಿದ ಕ್ಷಣವೇ ಮತ್ತೆ ಲೇ ಕರೆಂಟು ನೋಡೇ, ನೀನು ತಿಂದ್ಯಾ. ಕೆಂಪು ಗೊಂಬೆಗೆ ಸಿಗುವ ಗೌರವ ನೋಡಿ ಅವಳಿಗೆ ಒಂದೊಂದು ಸಲ ಹೊಟ್ಟೆಕಿಚ್ಚು.

ಆ ಕೆಲಸದ ಕಥೆಗಳನ್ನೂ ಅತ್ತೆ ಆಟದ ನಡುವೆಯೇ ಹೇಳಿದ್ದು, ನೀರಿನ ಕೋಣೆಯಲ್ಲೊಂದು, ಕನ್ನಡಿಯ ಕೋಣೆಯಲ್ಲೊಂದು, ನಾವು ಸೇರಿಸ್ಬೇಕು ಅಷ್ಟೆ, ಈ ಕಡೆಯೋರನ್ನ ಆ ಕಡೆಯೋರಿಗೆ, ಮಧ್ಯ ಬಾಯಿ ಹಾಕಿದ್ರೆ ಕೆಲಸ ಹೋಯ್ತು, ಒಬ್ಬಳು ಒಂದ್ಸಲ ಲೈನಲ್ಲಿ ಅಳ್ತಿದ್ಲು, ಆ ಕಡೆಯೋನು ಮಾತೇ ಆಡ್ತಿಲ್ಲ, ಬಂದುಬಿಡು ಅನ್ನೋ ಅಂತ ಕೂಗೋಣ ಅನ್ನಿಸ್ತು, ಕೂಗ್ಲಿಲ್ಲ, ತುಟಿ ಕಚ್ಚಿ ಕೂತೆ, ಒಂದು ದಿನವೂ ಮಧ್ಯ ಮಾತಾಡ್ದೋಳಲ್ಲ ನಾನು. ಆ ಹೆಮ್ಮೆ ಮುಖದಲ್ಲಿ ಈಗಲೂ ಇದೆ, ಅದರ ಜೊತೆಗೆ ಇನ್ನೊಂದು ಚಾಳಿಯೂ ಉಳಿದಿದೆ, ಎಲ್ಲೇ ಫೋನು ಬಡಿದುಕೊಳ್ಳಲಿ ಅತ್ತೆಗೆ ಕೂತಲ್ಲಿ ಕೂರಲಾಗದು, ಪಕ್ಕದ ಮನೆಯವರು ಊರಿಗೆ ಹೋಗಿ ಅವರ ಫೋನು ಗೋಡೆಯಾಚೆ ಹೊಡೆದುಕೊಳ್ಳತೊಡಗಿದರೆ ಕೈ ಕೈ ಹಿಸುಕಿಕೊಳ್ಳುತ್ತಾರೆ, ಯಾರಾದ್ರೂ ಎತ್ರೋ, ಪಾಪ ಯಾರೋ ಏನೋ. ಆದರೆ ಈ ಕೋಣೆಯಲ್ಲಿ ಬಂದು ನಿಂತಮೇಲೆ ಕಥೆಗಳೂ ನಿಂತಿವೆ, ಎಷ್ಟು ದಿನವಾಯಿತೋ ಇಲ್ಲಿ, ಹಿಂದಿನ ಕೋಣೆಗಳಲ್ಲೆಲ್ಲ ಒಬ್ಬರು ಚಪ್ಪಡಿ ತುಳಿದು ಬಾಗಿಲು ಎತ್ತಿದರೆ ಇನ್ನೊಬ್ಬರು ದಾಟಿ, ಆ ಕಡೆಯ ಹಿಡಿ ಎಳೆದು, ತುಳಿದವರನ್ನೂ ಕರೆದುಕೊಳ್ಳುವ ಉಪಾಯ ಕಣ್ಣಿಗೆ ಬೀಳುತ್ತಿತ್ತು, ಇಲ್ಲಿ ಹೊಸ್ತಿಲಿನಿಂದ ಏನೂ ಕಾಣುವುದಿಲ್ಲ, ಹಿಡಿಯಿಲ್ಲ, ಹಗ್ಗವಿಲ್ಲ, ದಾಟಿದ ಮೇಲೆ ನೀಲಿಯನ್ನು ಕರೆದುಕೊಳ್ಳಲು ಏನಾದರೂ ಇದೆಯೋ ಇಲ್ಲವೋ ದಾಟಿದವರಿಗೇ ಗೊತ್ತು, ಅವಳು ದಾಟುವುದಿಲ್ಲ. ಹೊಸ್ತಿಲವರೆಗೆ ಹೋಗಿ ತಿರುಗಿ ಬರುತ್ತಾಳೆ, ಅಲ್ಲೇನಿಲ್ಲ ಅತ್ತೆ, ಗೋಡೆ ಇದ್ದಂಗಿದೆ, ಇಲ್ಲೇ ಇನ್ನೊಂದ್ಸಲ ಹುಡುಕೋಣ, ಮತ್ತೆ ಇಬ್ಬರೂ ಕೋಣೆಯ ಇಟ್ಟಿಗೆ ಇಟ್ಟಿಗೆ ತಡವುತ್ತಾರೆ, ಕಲ್ಲುಗಳಿಗೆ ಗುದ್ದುತ್ತಾರೆ, ಹೊರಗೆ ಯಾರೋ ಕಾರು ತೊಳೆಯುತ್ತಿದ್ದಾರೆ, ಬಕೆಟಿನ ಸದ್ದು, ಸೋಫಾದ ಈ ಮೂಲೆಯ ಸ್ಪ್ರಿಂಗು ಅವಳ ಸೊಂಟಕ್ಕೆ ಒತ್ತುತ್ತದೆ, ಬೆಳಗ್ಗೆ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟು, ಹಬೆ ಕೂತ ಕನ್ನಡಿಯ ಮುಂದೆ ಎಷ್ಟು ಸಲ ಹೇಳಿಕೊಂಡಳು, ಅತ್ತೆ ನಾನು ಹೋಗ್ತೀನಿ, ಅತ್ತೆ ನಾನು ಹೋಗ್ಬೇಕು ಅಂತಿದೀನಿ, ಅತ್ತೆ ನೀವೇನೂ ತಿಳ್ಕೊಬಾರದು, ಒಂದಕ್ಕಿಂತ ಒಂದು ಪೇಲವ, ಕೊನೆಗೆ ಹಲ್ಲು ಕಚ್ಚಿ ಒಂದೇ ಒಂದು ಮಾತು ಆರಿಸಿಟ್ಟುಕೊಂಡಳು, ಹೋಗ್ತೀನಿ, ಅಷ್ಟೇ, ಹಿಂದಿಲ್ಲ ಮುಂದಿಲ್ಲ, ಅದನ್ನು ನಾಲಿಗೆಯ ಕೆಳಗಿಟ್ಟುಕೊಂಡೇ ಹೊರಬಂದು, ಊಟ ಬಡಿಸಿ, ಪಾತ್ರೆ ಎತ್ತಿ, ಈಗ ಇಲ್ಲಿ.

ಅತ್ತೆ ಕನ್ನಡಕ ಹಾಕಿಕೊಂಡರು. ಈಗ. ಅತ್ತೆ — ಎಂದಳು, ಅತ್ತೆಯೂ ಅದೇ ಹೊತ್ತಿಗೆ ಏನೋ ಅಂದರು, ಇಬ್ಬರ ಮಾತೂ ಡಿಕ್ಕಿ ಹೊಡೆದು ನಿಂತವು, ನೀನು ಹೇಳು, ಇಲ್ಲ ನೀವು ಹೇಳಿ, ಟಿವಿಯನ್ನೇ ನೋಡುತ್ತ ಅತ್ತೆ ಹೇಳಿದರು, ಬೆಳಗ್ಗೆ ನೀನು ಸ್ನಾನಕ್ಕೆ ಹೋಗಿದ್ಯಲ್ಲ, ನಿನ್ನ ಫೋನು ಊಟದ ಮೇಜಿನ ಮೇಲೆ ಬಡ್ಕೊಳ್ತಾನೇ ಇತ್ತು ಕಣೇ, ನಿಲ್ಲುತ್ತೆ ನಿಲ್ಲುತ್ತೆ ಅಂತ ನೋಡಿದೆ, ನಿಲ್ಲಲಿಲ್ಲ, ಎತ್ತಿಬಿಟ್ಟೆ. ಯಾರು ಅತ್ತೆ? ಹಲ್ಲಿನೋರು. ಏನಂದ್ರು? ಬರ್ತಾರೋ ಇಲ್ವೋ ಮೇಡಂ ಅಂದ್ರು, ಮನೆಯೋರು ಒಪ್ಪಿದಾರಾ ಅಂದ್ರು. ಬಕೆಟಿನ ಸದ್ದು ನಿಂತಿದೆ. ನೀವೇನಂದ್ರಿ. ಅತ್ತೆಯ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಸುತ್ತುತ್ತಿದೆ, ಒತ್ತುತ್ತಿಲ್ಲ, ಮಧ್ಯ ಬಾಯಿ ಹಾಕ್ಬಾರ್ದಿತ್ತು ನಾನು, ಗೊತ್ತು, ಅವನು ನನ್ನ ಮಂಡೀನ ಎಷ್ಟು ಅಡ್ಡ ಇಟ್ಟಿದಾನೆ ಅಂತ ಗೋಡೆಯೀಚೆ ನಂಗೂ ಕೇಳುತ್ತೆ, ಬಾಯಿಗೆ ಬಂದುಬಿಡ್ತು, ಬರ್ತಾರೆ ಅಂದೆ, ಇಪ್ಪತ್ತನೇ ತಾರೀಕು ಅಂದ್ರು, ಹೂಂ ಅಂದೆ. ತಪ್ಪಾಯ್ತೇನೇ? ತಪ್ಪೇ, ಹೂಂ ಅತ್ತೆ, ಇಲ್ಲ ಅತ್ತೆ, ಇದೇ ಬೇಕಿತ್ತಲ್ಲ, ಇದನ್ನೇ ಅಲ್ಲವೇ ಅವಳು ನಲ್ಲಿ ಬಿಟ್ಟುಕೊಂಡು ಕನ್ನಡಿಗೆ ಹೇಳುತ್ತಿದ್ದದ್ದು, ಅದೇ ಹೊತ್ತಿಗೆ, ಒಂದು ಬಾಗಿಲಿನ ಆಚೆ ಅತ್ತೆ ಹೇಳಿ ಮುಗಿಸಿದ್ದರು, ಅವಳ ಹೂಂ ಖರ್ಚಾಗಿತ್ತು, ಇಡೀ ದಿನ ನಾಲಿಗೆಯ ಕೆಳಗಿಟ್ಟು ಕಾಪಾಡಿದ್ದು ಯಾರೋ ಆಗಲೇ ಕೊಟ್ಟುಬಿಟ್ಟ ಮಾತು, ಗಂಡನ ಆಮೇಲೆ ನೋಡೋಣದಲ್ಲಿ ಉಳಿದಿದ್ದಾಗಲೂ ಉಳಿಸಿದ್ದು ಬೇರೆಯವರು, ಈಗ ಹೊರಟರೂ ಹೊರಡಿಸಿದ್ದು ಬೇರೆಯವರು, ಸಿಟ್ಟು ಬರಬೇಕು, ಈ ಮುಖ ನೋಡಿಕೊಂಡು ಸಿಟ್ಟು ಮಾಡುವುದು ಹೇಗೆ, ಖುಷಿಯಾಗಬೇಕು, ಆ ಮಂಡಿಯನ್ನು ನೋಡಿಕೊಂಡು — ಅತ್ತೆ ಗುಂಡಿಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು, ಸೋಫಾದ ಕೈ ಹಿಡಿದು, ಮೊದಲು ಒಳ್ಳೆಯ ಕಾಲು ಊರಿ, ಆಮೇಲೆ ಇನ್ನೊಂದು, ಎದ್ದರು, ಟೀ ಇಡ್ತೀನಿ, ಎರಡು ಹೆಜ್ಜೆ ಹೋಗಿ ತಿರುಗಿದರು, ಹೋಗಿ, ಲೈನ್ ಹಿಡ್ಕೊಂಡಿದೀನಿ, ಬಹುವಚನದಲ್ಲಿ, ಆಟದ ದನಿಯಲ್ಲಿ. ಒಳಕೋಣೆಯಲ್ಲಿ ಅವನು, ಬಂದ್ರು ಸಾರ್, ಹುಡುಗರು ಹೊರಟಿದಾರೆ, ಹಾಗೇ ಇರಿ. ಅಡುಗೆಮನೆಯಲ್ಲಿ ಲೈಟರಿನ ಚಟ್ ಚಟ್. ಅವಳ ಹೆಬ್ಬೆರಳು ಗುಂಡಿಯ ಮೇಲಿದೆ, ಒಂದು ಒತ್ತು ಸಾಕು, ಕೆಂಪು ದಾಟುತ್ತದೆ, ಒತ್ತಬೇಕು, ಇನ್ನೇನು ಒತ್ತುತ್ತಾಳೆ, ಬಾಗಿಲು ತೆರೆದೇ ಇದೆ, ಯಾರೂ ಮುಚ್ಚುವುದಿಲ್ಲ, ಅತ್ತ ಚಪ್ಪಡಿಯ ಮೇಲೆ ನೀಲಿ ಗೊಂಬೆ ಆಕಳಿಸಿತು, ಕೂತಿತು, ಕಾಲು ಆಡಿಸತೊಡಗಿತು, ಕಾಲು ಆಡಿಸುತ್ತಿದೆ,