ಬಾಯ್ಲರಿಗೆ ತಾತ ಹಾಕಿದ ಬಿರಡೆ

ಬೆಳಿಗ್ಗೆ ಅತ್ತೆಯ ಹಾಸಿಗೆಯ ಹೊದಿಕೆ ಒಗೆದು ಹಿಂಡುತ್ತಿದ್ದೆ. ನೀರು ಎಷ್ಟು ತಣ್ಣಗಿತ್ತೆಂದರೆ ಬೆರಳುಗಳು ನನ್ನವೇ ಅನಿಸುತ್ತಿರಲಿಲ್ಲ. ಅರ್ಧ ಹಿಂಡಿದ್ದೆನೋ ಇಲ್ಲವೋ, ಯಾರೋ ಬಾಗಿಲು ಬಡಿದರು. ಹೊದಿಕೆಯನ್ನು ಬಕೆಟ್ಟಿಗೇ ಬಿಟ್ಟು ಓಡಿದೆ.

ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡು ವೈರಿಂಗ್ ಅಕ್ಕ ನಿಂತಿದ್ದಳು. ನಮ್ಮ ಬೀದಿಯ ಕರೆಂಟಿನ ಕೆಲಸವೆಲ್ಲ ಅವಳದೇ. ಲೈಸೆನ್ಸ್ ಇರುವವಳು.

“ಎಲ್ಲಿ ನಿಮ್ಮ ಬಾಯ್ಲರ್?”

ಬಾಯ್ಲರ್ ಪೆಟ್ಟಿಗೆಯೊಳಗಿತ್ತು. ಪೆಟ್ಟಿಗೆಯ ಮೇಲೆ ಮಾವ ಕೂತಿದ್ದರು.

“ಏನಮ್ಮಾ, ಈಗ ಬೆಳಗಾಯ್ತಾ ನಿನಗೆ? ಸಂಜೆ ಐದಕ್ಕೆ ನಮ್ಮವಳು ಆಸ್ಪತ್ರೆಯಿಂದ ಬರ್ತಾಳೆ. ಅಷ್ಟರಲ್ಲಿ ಮನೆ ಬೆಚ್ಚಗಿರ್ಬೇಕು.”

ಎದೆಯಲ್ಲಿ ಕಫ ಕಟ್ಟಿ ಅತ್ತೆ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದರು. ಕೋಣೆ ಬೆಚ್ಚಗಿರಲಿ, ಇದ್ದಿಲ ಹೊಗೆ ಮಾತ್ರ ಬೇಡ ಎಂದಿದ್ದರು ಡಾಕ್ಟರು. ಅದಕ್ಕೇ ಈ ಕರೆಂಟಿನ ಬಾಯ್ಲರ್. ಇದು ನಲ್ಲಿಗೂ ಬಿಸಿನೀರು ಕೊಡುತ್ತದೆ, ಗೋಡೆಗುಂಟ ಹಾಕಿದ ಕೊಳವೆಗಳಲ್ಲಿ ಬಿಸಿನೀರು ಓಡಿಸಿ ಕೋಣೆಗಳನ್ನೂ ಬೆಚ್ಚಗಿಡುತ್ತದೆ. ಕೊಳವೆಗಳನ್ನು ಹಿಂದಿನ ವಾರವೇ ಹಾಕಿಸಿದ್ದೆವು. ಹೆಚ್ಚಿನ ಕರೆಂಟಿಗೆ ಕರೆಂಟ್ ಆಫೀಸಿನ ಒಪ್ಪಿಗೆಯನ್ನೂ ಮನೆಯವರು ತಂದಿದ್ದರು.

ಮಾವ ಎದ್ದು ಇಸ್ತ್ರಿಪೆಟ್ಟಿಗೆಯ ಪ್ಲಗ್ ತೋರಿಸಿದರು. “ಇಲ್ಲಿಗೇ ಚುಚ್ಚಿಬಿಡು. ಹತ್ತು ನಿಮಿಷದ ಕೆಲಸ.”

“ಅಯ್ಯೋ ಯಜಮಾನ್ರೇ, ಇದು ಎಳೆಯೋ ಕರೆಂಟಿಗೆ ಆ ವೈರು ಗೋಡೆಯೊಳಗೇ ಬೆಂದುಹೋಗುತ್ತೆ. ಮೀಟರ್ ಹತ್ರದಿಂದ ದಪ್ಪ ವೈರು ಬೇರೇನೇ ಎಳೀಬೇಕು. ಸರಿಯಾದ ಅರ್ಥಿಂಗ್ ಬೇಕು. ಕರೆಂಟು ಸೋರಿದ ತಕ್ಷಣ ತಾನಾಗೇ ಬಿದ್ದುಹೋಗೋ ಟ್ರಿಪ್ ಸ್ವಿಚ್ ಬೇಕು.”

“ನಿನ್ನ ಪಟ್ಟಿ ಹನುಮನ ಬಾಲ ಆಯ್ತಲ್ಲ! ನಲವತ್ತು ವರ್ಷ ಪಂಪ್‌ಹೌಸಲ್ಲಿ ದುಡಿದೋನು ನಾನು. ಒಂದು ಹನಿ ಸೋರೋಕೆ ಬಿಟ್ಟೋನಲ್ಲ.”

“ನೀರು ಸೋರಿದ್ರೆ ಕಾಣುತ್ತೆ. ಕರೆಂಟು ಸೋರಿದ್ರೆ ಕಾಣಲ್ಲ, ಹೊಡೆಯುತ್ತೆ.”

ಮಾವ ನನ್ನ ಕಡೆ ತಿರುಗಿದರು. “ನೀನಾದ್ರೂ ಹೇಳಮ್ಮ, ಹೊತ್ತು ಹೋಗ್ತಾ ಇದೆ.”

ನನಗೂ ಆತುರವೇ. ಆದರೂ ಮನಸ್ಸು ಗಟ್ಟಿ ಮಾಡಿಕೊಂಡೆ. “ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಪಕ್ಕದ ಮನೆಯವರು ಬೆಚ್ಚಗಿನ ಕೋಣೆ ಬಿಟ್ಟುಕೊಡ್ತೀವಿ ಅಂದಿದ್ದಾರೆ ಮಾವ. ಅತ್ತೆ ಅಲ್ಲಿ ಮಲಗಲಿ. ಇವಳು ಹೇಳಿದ ಹಾಗೇ ಆಗ್ಬೇಕು. ಏಣಿ ನಾನು ಹಿಡೀತೀನಿ.”

ಹಿಡಿದೆ ಕೂಡ. ಹಿತ್ತಿಲಲ್ಲಿ ಅರ್ಥಿಂಗಿಗೆ ಗುಂಡಿ ತೋಡುವಾಗ ಮಣ್ಣನ್ನೂ ಎತ್ತಿ ಹಾಕಿದೆ. ಭಾರ ಹೊರುವ ಗಟ್ಟಿ ಗೋಡೆ ನೋಡಿ ವೈರಿಂಗ್ ಅಕ್ಕ ಬಾಯ್ಲರ್ ಕೂರಿಸಿದಳು. ಮೊದಲು ನೀರು ತುಂಬಿಸಿ, ಆಮೇಲೆ ಕರೆಂಟ್ ಕೊಟ್ಟು, ಅರ್ಧ ಗಂಟೆ ಓಡಿಸಿ ನೋಡಿದಳು. ಆಗ ಮಾವ ಅತ್ತೆಯ ಔಷಧಿ ತರಲು ಹೋಗಿದ್ದರು.

ಬಾಯ್ಲರಿನ ಸೇಫ್ಟಿ ವಾಲ್ವಿನಿಂದ ಒಂದು ಸಣ್ಣ ಕೊಳವೆ ಗೋಡೆ ದಾಟಿ ಹಿತ್ತಿಲಿಗೆ ಬಂದಿತ್ತು. ಅದರ ತುದಿಯಿಂದ ನೀರು ತೊಟ್ಟಿಕ್ಕತೊಡಗಿತು. ನಾನು ಗಾಬರಿಯಾದೆ.

“ಹೆದರ್ಬೇಡಿ ಅಕ್ಕ,” ಎಂದಳು. “ನೀರು ಕಾದ್ರೆ ಹಿಗ್ಗುತ್ತೆ. ಹಿಗ್ಗಿದ್ದು ಹೀಗೆ ಹೊರಗೆ ಬರ್ಬೇಕು. ಇದು ಸೋರಿಕೆ ಅಲ್ಲ, ಬಾಯ್ಲರ್ ಉಸಿರಾಡೋದು. ಈ ಬಾಯಿ ಯಾವತ್ತೂ ಮುಚ್ಚಬಾರದು. ಮುಚ್ಚಿದ್ರೆ ಟ್ಯಾಂಕು ಸಿಡಿದುಹೋಗಬಹುದು.”

ಪಕ್ಕದಲ್ಲಿ ನಿಂತಿದ್ದ ನನ್ನ ಏಳು ವರ್ಷದ ಗುಬ್ಬಿ ಮೂಗಿನ ಕೆಳಗೆ ಬೆರಳಿಟ್ಟು ತನ್ನ ಉಸಿರು ನೋಡಿಕೊಂಡಳು.

ವೈರಿಂಗ್ ಅಕ್ಕ ಸ್ವಿಚ್ ಆರಿಸಿ ಊಟಕ್ಕೆ ಕೂತಳು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಮಾವ ಬಂದರು. ಇನ್ನೂ ತೊಟ್ಟಿಕ್ಕುತ್ತಿದ್ದ ಕೊಳವೆ ಕಣ್ಣಿಗೆ ಬಿತ್ತು. ಪಂಪ್‌ಹೌಸಿನ ಕಾಲದ ಡಬ್ಬಿ ತೆಗೆದು, ಅಳತೆಗೆ ಸರಿಯಾದ ರಬ್ಬರ್ ಬಿರಡೆ ಹುಡುಕಿ, ಕೊಳವೆಯ ಬಾಯಿಗೆ ಒತ್ತಿದರು. ಎರಡು ಸಲ ಸುತ್ತಿಗೆಯಿಂದ ಬಡಿದರು. ಇದು ನನಗೆ ತಿಳಿದದ್ದು ಆಮೇಲೆ. ಕಂಡವಳು ಗುಬ್ಬಿ ಒಬ್ಬಳೇ.

“ಯಾರಿಗೂ ಹೇಳ್ಬೇಡ ಕಂದ,” ಎಂದಿದ್ದರಂತೆ. “ಹುಡುಗಿ ಬೆಳಿಗ್ಗೆಯಿಂದ ಒದ್ದಾಡಿದ್ದಾಳೆ. ಕೆಲಸ ಸೋರ್ತು ಅಂದ್ರೆ ನಾಚಿಕೊಂಡಾಳು.”

ಗುಬ್ಬಿ ನನ್ನ ಹತ್ತಿರ ಬಂದಳು. “ಅಮ್ಮಾ, ಒಂದು ಕೇಳ್ಲಾ?”

“ಆಮೇಲೆ ಚಿನ್ನ.” ಹೊದಿಕೆ ಇನ್ನೂ ಬಕೆಟ್ಟಿನಲ್ಲೇ ಇತ್ತು.

ಹೊದಿಕೆ ಒಣಹಾಕುವಾಗ ಮತ್ತೆ ಬಂದಳು. “ಅಮ್ಮಾ…”

“ಕೈ ಬಿಡುವಿಲ್ಲ ನೋಡು.”

ಮೂರನೆಯ ಸಲ ನಾನು ಬರೀ ಕಣ್ಣು ಬಿಟ್ಟೆ. ಅವಳು ತುಟಿ ಬಿಗಿದುಕೊಂಡು ಮೂಲೆ ಸೇರಿದಳು.

ನಾಲ್ಕು ಗಂಟೆಗೆ ಎಲ್ಲ ಮುಗಿದು, ವೈರಿಂಗ್ ಅಕ್ಕ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಅವಳದೊಂದು ರೂಢಿ. ಒಮ್ಮೆ ಹಾಕಿದರೆ ರಾತ್ರಿಯೆಲ್ಲ ಓಡುವ ಯಂತ್ರವಾದ್ದರಿಂದ, ಮನೆಯಲ್ಲಿ ಇರುವವರೆಲ್ಲ ಎದುರಿಗೆ ನಿಲ್ಲಬೇಕು.

“ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ? ದೊಡ್ಡೋರು, ಚಿಕ್ಕೋರು, ಯಾರಾದ್ರೂ ಸರಿ.”

“ಕೇಳೋದೇನು, ಹಾಕಮ್ಮ ಸ್ವಿಚ್ಚು,” ಎಂದರು ಮಾವ.

ನಾನೂ ಇಲ್ಲವೆಂದು ತಲೆಯಾಡಿಸಿದೆ.

ಇದನ್ನು ಬರೆಯುವಾಗ ಅತ್ತೆ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಗುಬ್ಬಿಯ ತಲೆ ಬಾಚುತ್ತಿದ್ದಾರೆ. ಆ ಬಿರಡೆ ಈಗ ಮಾವನ ಜೇಬಿನಲ್ಲಿದೆ. ಬೀದಿಯಲ್ಲಿ ಯಾರ ಮನೆಗೆ ಬಾಯ್ಲರ್ ಬಂದರೂ ಅದನ್ನು ತೆಗೆದು ತೋರಿಸಿ, “ಇದು ನನ್ನ ದಡ್ಡತನ, ನಿಮ್ಮದಾಗೋದು ಬೇಡ” ಎನ್ನುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಬಾಯ್ಲರ್ ಹಾಕಿಸುವವರಿದ್ದರೆ ಲೈಸೆನ್ಸ್ ಇರುವವರ ಕೈಯಲ್ಲೇ ಹಾಕಿಸಿ. ಬೇರೆ ವೈರು, ಅರ್ಥಿಂಗ್, ಟ್ರಿಪ್ ಸ್ವಿಚ್ ಇಲ್ಲದೆ ಒಂದು ದಿನವೂ ಓಡಿಸಬೇಡಿ. ತಿಂಗಳಿಗೊಮ್ಮೆ ಟ್ರಿಪ್ ಸ್ವಿಚ್ಚಿನ ಪರೀಕ್ಷೆಯ ಗುಂಡಿ ಒತ್ತಿ ನೋಡಿ. ಸೇಫ್ಟಿ ವಾಲ್ವಿನ ಬಾಯಿ ಮುಚ್ಚಬೇಡಿ. ಮನೆಯಲ್ಲಿ ಕೇಳಲು ಬಂದವರ ಬಾಯಿಯನ್ನೂ ಮುಚ್ಚಿಸಬೇಡಿ. ನಾನು ಮೂರು ಸಲ ಮುಚ್ಚಿಸಿದ್ದೆ.

ನನ್ನ ಪುಣ್ಯ, ಆ ಸಂಜೆ ವೈರಿಂಗ್ ಅಕ್ಕ ತಕ್ಷಣ ಸ್ವಿಚ್ ಒತ್ತಲಿಲ್ಲ. ಮೂಲೆಯ ಕಡೆ ನೋಡಿ, “ನಿನಗೇನಾದ್ರೂ ಇದೆಯಾ ಪುಟ್ಟ?” ಎಂದಳು. ಗುಬ್ಬಿ ತಾತನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

“ಉಸಿರಾಡೋ ಬಾಯಿಗೆ ತಾತ ಬಿರಡೆ ಹಾಕಿದ್ದಾರಲ್ಲ, ಇನ್ನು ಬಾಯ್ಲರ್ ಹೇಗೆ ಉಸಿರಾಡುತ್ತೆ?”